ಗಡಿಯಲ್ಲಿ ಎಷ್ಟು ಗಂಟೆ ಉಳಿಯಿತು?

“ಸರ್, ಬಾಂಗ್ಲಾದ ಕಸ್ಟಮ್ಸ್ ಸುಧಾರಿಸೋಕೆ ವಿಶ್ವಬ್ಯಾಂಕ್ ಸಾಲ ಕೊಟ್ಟರೆ ನಮಗೇನು?” ದಾವಣಗೆರೆ ಎಪಿಎಂಸಿಯ ವರ್ತಕರು ಆಗಾಗ ಕೇಳುವ ಪ್ರಶ್ನೆ ಇದು. ರಫ್ತಿನ ಕಾಗದಪತ್ರ ನೋಡಿಕೊಳ್ಳುವವನಾಗಿ ನನ್ನ ಉತ್ತರ ಇಷ್ಟೇ: ನಿಮ್ಮ ಮೆಕ್ಕೆಜೋಳದ ಲಾರಿ ಗಡಿಯಲ್ಲಿ ನಿಂತರೆ ಹಾಲ್ಟಿಂಗ್ ದುಡ್ಡು ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಪಶ್ಚಿಮ ಬಂಗಾಳದ ಪೆಟ್ರಾಪೋಲ್ ನೋಡಿ. ಗೇಟ್ ದಾಟಿದರೆ ಬಾಂಗ್ಲಾದ ಬೆನಾಪೋಲ್. ನಮ್ಮ ಕಡೆ 2016ರಲ್ಲೇ ದೊಡ್ಡ ಚೆಕ್‌ಪೋಸ್ಟ್ ಶುರುವಾಯಿತು. ಆದರೂ ಇಲ್ಲಿ ಗಡಿ ದಾಟಲು ಹಲವು ದಿನ ಬೇಕು, ಪೂರ್ವ ಆಫ್ರಿಕಾದಲ್ಲಿ ಇಷ್ಟೇ ಓಡಾಟದ ಗಡಿಗಳಲ್ಲಿ ಆರು ಗಂಟೆಯೊಳಗೆ ಕೆಲಸ ಮುಗಿಯುತ್ತದೆ ಎಂದು 2021ರಲ್ಲಿ ವಿಶ್ವಬ್ಯಾಂಕ್ ಹೇಳಿತು. ನಮ್ಮ ಲಾರಿ ಮೊದಲು ಗಡಿಯ ಈಚೆ ಬೊಂಗಾಂವ್ ಪಾರ್ಕಿಂಗ್‌ನಲ್ಲಿ ಕಾಯಬೇಕು. ಆಮೇಲೆ ಬೆನಾಪೋಲ್‌ಗೆ ಹೋಗಿ ಸರಕು ಇಳಿಸಬೇಕು. ಅಲ್ಲಿಂದ ಅವರ ಲಾರಿಗೆ ಮತ್ತೆ ಲೋಡ್. ತಪಾಸಣೆ ಎರಡೂ ಕಡೆ, ಕಾಗದವೂ ಎರಡೂ ಕಡೆ. 14% ತೇವಾಂಶಕ್ಕೆ ಒಣಗಿಸಿ ಕಳಿಸಿದ ಕಾಳು ಮಳೆಗಾಲದಲ್ಲಿ ತಾಡಪಾಲಿನ ಕೆಳಗೆ ದಿನಗಟ್ಟಲೆ ಕೂತರೆ ಏನಾಗುತ್ತೆ ಅಂತ ನಿಮಗೇ ಗೊತ್ತಲ್ವಾ? ಕಾವು ಏರುತ್ತದೆ, ಬೂಸ್ಟು ಹಿಡಿಯುತ್ತದೆ, ಕೊಳ್ಳುವವರು ರೇಟು ಮುರಿಯುತ್ತಾರೆ.

ಹೊರಗಿನ ನೆರವು ಬೇಕಾಗೋದು ಇಲ್ಲೇ. ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ ಮೂರರಲ್ಲೂ ಕಸ್ಟಮ್ಸ್ ಕೆಲಸ ನಡೆಯೋದು ‘ಅಸಿಕುಡಾ’ ಎಂಬ ಸಾಫ್ಟ್‌ವೇರ್‌ನಲ್ಲಿ. ವಿಶ್ವಸಂಸ್ಥೆಯ ವ್ಯಾಪಾರ ವಿಭಾಗವಾದ ಅಂಕ್ಟಾಡ್ ಅದನ್ನು ಮಾಡಿಕೊಟ್ಟು, ಸಿಬ್ಬಂದಿಗೆ ಕಲಿಸಿತು. ನಮ್ಮ ಕಸ್ಟಮ್ಸ್‌ನ ಆನ್‌ಲೈನ್ ಪೋರ್ಟಲ್ ಐಸ್‌ಗೇಟ್ ಬೇರೆಯೇ ವ್ಯವಸ್ಥೆ. ಇಲ್ಲಿ ಶಿಪ್ಪಿಂಗ್ ಬಿಲ್‌ನಲ್ಲಿ, ಅಂದರೆ ರಫ್ತಿನ ಘೋಷಣೆ ಪತ್ರದಲ್ಲಿ, ತುಂಬಿದ ತೂಕ, ಬೆಲೆ, ಚೀಲದ ಲೆಕ್ಕವನ್ನೇ ಆ ಕಡೆ ಮತ್ತೊಮ್ಮೆ ತುಂಬಬೇಕು. ಒಂದು ಅಂಕಿ ಆಚೀಚೆ ಆದರೆ ಲಾರಿ ನಿಂತಲ್ಲೇ ನಿಲ್ಲುತ್ತದೆ. ಎರಡು ಕಂಪ್ಯೂಟರ್‌ಗಳ ನಡುವೆ ಮಾಹಿತಿ ನೇರವಾಗಿ ಹರಿಯುವಂತೆ ಮಾಡೋದು ಇನ್ನೊಂದು ಗೋದಾಮು ಕಟ್ಟೋದಕ್ಕಿಂತ ಜಾಸ್ತಿ ಉಪಯೋಗದ ಕೆಲಸ.

ನನಗೆ ತುಂಬ ಹಿಡಿಸಿದ ಉದಾಹರಣೆ ಜಾಂಬಿಯಾ–ಜಿಂಬಾಬ್ವೆ ನಡುವಿನ ಚಿರುಂಡು. 2009ರಲ್ಲಿ ಅಲ್ಲಿ ಎರಡೂ ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಕೂರುವ ವ್ಯವಸ್ಥೆ ಬಂತು. ಆಫ್ರಿಕಾದಲ್ಲಿ ಅಂಥದ್ದು ಅದೇ ಮೊದಲು. ಲಾರಿ ಹೊರಡುವ ದೇಶದಲ್ಲಿ ನಿಲ್ಲೋದಿಲ್ಲ, ಒಳಗೆ ಹೋಗುವ ದೇಶದಲ್ಲಿ ಒಮ್ಮೆ ನಿಂತರೆ ಸಾಕು. ಜಪಾನ್, ಬ್ರಿಟನ್ ನೆರವು ಕೊಟ್ಟವು, ನಿಜ. ಆದರೆ ತಮ್ಮ ಅಧಿಕಾರಿ ಪಕ್ಕದ ದೇಶದ ನೆಲದಲ್ಲಿ ಕೂತು ಕೆಲಸ ಮಾಡಬಹುದು ಅಂತ ಎರಡೂ ದೇಶ ಕಾನೂನು ಮಾಡಿಕೊಂಡವಲ್ಲ, ಅದು ದೊಡ್ಡದು. ಆ ಕೆಲಸವನ್ನು ಯಾವ ದಾನಿಯೂ ಮಾಡಿಕೊಡಲು ಆಗೋದಿಲ್ಲ.

ಸರಕು ಬಿಚ್ಚದೆ ಒಳಗೇನಿದೆ ಅಂತ ತೋರಿಸುವ ಸ್ಕ್ಯಾನರ್ ವಿಷಯದಲ್ಲೂ ಇದೇ ಮಾತು. ಯಂತ್ರ ಕೊಡೋದು ಸುಲಭ. ಅದರ ಚಿತ್ರ ಓದಲು ಬಲ್ಲವರು ಬೇಕು, ಬಿಡಿಭಾಗಕ್ಕೆ ವರ್ಷ ವರ್ಷ ಹಣ ಬೇಕು.

ಗಡಿಯ ಕಸ್ಟಮ್ಸ್ ವಿಧಾನ ಸರಳ ಮಾಡುವ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮ ಒಪ್ಪಂದ 2017ರ ಫೆಬ್ರುವರಿ 22ರಂದು ಜಾರಿಗೆ ಬಂತು. ಅದರಲ್ಲಿ ಒಂದು ಒಳ್ಳೆಯ ಅವಕಾಶವಿದೆ. ಯಾವ ಯಾವ ಸುಧಾರಣೆ ನೆರವಿಲ್ಲದೆ ತಮ್ಮಿಂದ ಆಗದು ಅಂತ ಬಡ ದೇಶಗಳೇ ಪಟ್ಟಿ ಕೊಡಬಹುದು. ಸಾಮರ್ಥ್ಯ ಬರುವ ತನಕ ಆ ಷರತ್ತಿಗೆ ಕಾಲಾವಕಾಶ ಸಿಗುತ್ತದೆ. ಕೇಳುವವರು ತಮಗೇನು ಬೇಕೆಂದು ತಾವೇ ಹೇಳೋದು ನ್ಯಾಯ.

ಹಾಗಾದರೆ ನೆರವು ಫಲ ಕೊಟ್ಟಿತಾ ಅಂತ ನೋಡೋದು ಹೇಗೆ? ಸರಕು ಬಂದ ಕ್ಷಣದಿಂದ ಬಿಡುಗಡೆ ತನಕ ಪ್ರತಿ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವ ವಿಧಾನವನ್ನು ವಿಶ್ವ ಕಸ್ಟಮ್ಸ್ ಸಂಸ್ಥೆ ರೂಪಿಸಿದೆ. ನಮ್ಮ ಕಸ್ಟಮ್ಸ್‌ನವರೂ ಅದನ್ನು ಮಾಡುತ್ತಾರೆ. ನೀವೂ ಮಾಡಿ. ಮುಂದಿನ ಲೋಡ್ ಕಳಿಸುವಾಗ ಡ್ರೈವರ್‌ಗೆ ಹೇಳಿ: ಪಾರ್ಕಿಂಗ್‌ಗೆ ಬಂದಿದ್ದು, ಗೇಟ್ ದಾಟಿದ್ದು, ಸರಕು ಇಳಿಸಿದ್ದು, ಖಾಲಿ ಲಾರಿ ವಾಪಸ್ ಬಂದಿದ್ದು, ನಾಲ್ಕೂ ಸಮಯ ವಾಟ್ಸಾಪ್ ಮಾಡಲಿ. ಸೀಸನ್ ಮುಗಿದ ಮೇಲೆ ಎಲ್ಲರ ಪಟ್ಟಿಯನ್ನೂ ಸೇರಿಸಿ, ಕ್ಲಿಯರಿಂಗ್ ಏಜೆಂಟ್ ಮೂಲಕ ಕಸ್ಟಮ್ಸ್‌ಗೂ ಗಡಿ ಚೆಕ್‌ಪೋಸ್ಟ್ ನೋಡಿಕೊಳ್ಳುವ ಲ್ಯಾಂಡ್ ಪೋರ್ಟ್ಸ್ ಅಥಾರಿಟಿಗೂ ಕೊಡೋಣ.