ಐಟಿಐಗೆ ಹಾಕಿದರೆ ಓದು ಅಲ್ಲಿಗೇ ನಿಂತುಹೋಗುತ್ತದಾ ಸಾರ್?

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಮನೇಲಿ ಮಿಕ್ಸಿ ಕೆಟ್ಟರೆ ಅವನೇ ಬಿಚ್ಚಿ ಕೂರ್ತಾನೆ. ಐಟಿಐಗೆ ಹಾಕೋಣ ಅಂದ್ರೆ ನಮ್ಮ ಅಣ್ಣ ‘ಆಮೇಲೆ ಮುಂದೆ ಓದೋಕೆ ದಾರಿನೇ ಇರಲ್ಲ’ ಅಂತಾರೆ. ನಿಜವಾ ಸಾರ್?

ಉತ್ತರ: ಅಲ್ಲಮ್ಮ. ರಿಸಲ್ಟ್ ಬಂದ ವಾರ ಶುರುವಾಗುವ ಈ ಪ್ರಶ್ನೆಗೆ ಹದಿನೈದು ವರ್ಷದಿಂದ ಉತ್ತರ ಹೇಳುತ್ತಲೇ ಇದ್ದೇನೆ. ಈ ಸಲ ಬರೆದಿಡುತ್ತೇನೆ, ಮುಂದಿನ ವರ್ಷ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ನಿಮ್ಮ ಅಣ್ಣನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆರಳೆಣಿಸಿ. ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಟ್ರೇಡು, ಅಂದರೆ ಕಲಿಯುವ ಕಸುಬು, ಎರಡು ವರ್ಷ. ಅದು ಮುಗಿಸಿದವನು ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು, ಅಲ್ಲಿ ಎರಡು ವರ್ಷ. ಆಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಡಿಪ್ಲೊಮಾ ಆದವರಿಗೆ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಹೋದರೆ ಮೂರು ವರ್ಷ. ಒಟ್ಟು ಏಳು. ಪಿಯುಸಿ ಓದಿ ಬಿಇ ಮಾಡುವವನಿಗೆ ಎರಡು ಮತ್ತು ನಾಲ್ಕು, ಆರು. ಎಸ್ಸೆಸ್ಸೆಲ್ಸಿ ಆಗಿ ನೇರ ಡಿಪ್ಲೊಮಾಕ್ಕೆ ಹೋದವನಿಗೂ ಮೂರು ಮೂರು ಸೇರಿ ಆರೇ. ‘ದಾರಿನೇ ಇಲ್ಲ’ ಎಂದು ಹೆದರಿಸುವ ಈ ಹಾದಿಗೂ ಪಿಯುಸಿ ಹಾದಿಗೂ ಇರುವ ವ್ಯತ್ಯಾಸ ಒಂದೇ ಒಂದು ವರ್ಷ. ಜೊತೆಗೆ ನಡುವೆ ಎಲ್ಲಿ ನಿಂತರೂ ಕೈಯಲ್ಲೊಂದು ಸರ್ಟಿಫಿಕೇಟ್ ಇರುತ್ತದೆ. ಪಿಯುಸಿ ಸೈನ್ಸ್‌ನಲ್ಲಿ ನಡುವೆ ನಿಂತವನ ಕೈಯಲ್ಲಿ ಏನಿರುತ್ತದೆ, ಅಣ್ಣನವರನ್ನೇ ಕೇಳಿ.

ಇಷ್ಟು ಹೇಳಿದ ಮೇಲೂ ‘ಅಲ್ಲ ಸಾರ್, ಅದು ಫೇಲಾದವರು ಸೇರೋ ಜಾಗ ಅಲ್ವಾ’ ಎನ್ನುತ್ತಾರೆ. ವೆಲ್ಡರ್‌ನಂಥ ಕೆಲವು ಟ್ರೇಡಿಗೆ ಎಂಟನೇ ಕ್ಲಾಸು ಸಾಕು, ನಿಜ. ಆದರೆ ಫಿಟ್ಟರ್‌ಗೆ ಎಸ್ಸೆಸ್ಸೆಲ್ಸಿ ಪಾಸಾಗಿರಲೇಬೇಕು, ಸರ್ಕಾರಿ ಐಟಿಐ ಸೀಟು ಮೆರಿಟ್ ಮೇಲೆ. ಇನ್ನು ಒಳಗೆ ಬಂದ ಮೇಲಿನ ಕಥೆ ಬೇರೆ. ಮೊದಲು ಕೈಗೆ ಒಂದು ಎಂಎಸ್ (ಮೆದು ಉಕ್ಕು) ತುಂಡು, ಒಂದು ಅರ. ಅರದ ಹಲ್ಲಿನ ಸಂದಿಗೆ ಕಬ್ಬಿಣದ ಪುಡಿ ಸಿಕ್ಕಿಕೊಳ್ಳದಿರಲಿ ಎಂದು ಅರಕ್ಕೆ ಸೀಮೆಸುಣ್ಣ ತಿಕ್ಕಿ ಉಜ್ಜಬೇಕು. ಉಜ್ಜಿದ ಮುಖಕ್ಕೆ ಟ್ರೈಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತೇವೆ. ಸಂದಿಯಲ್ಲಿ ಬೆಳಕು ಇಣುಕಿತೋ, ತುಂಡನ್ನು ಬಿಗಿಹಿಡಿಯುವ ವೈಸಿಗೆ ಮತ್ತೆ ಹಾಕಿ ಉಜ್ಜಬೇಕು. ನೂರಕ್ಕೆ ತೊಂಬತ್ತು ತಂದ ಹುಡುಗರೂ ಆ ಕಿಟಕಿಯ ಹತ್ತಿರ ಬೆವರಿದ್ದನ್ನು ನೋಡಿದ್ದೇನೆ. ಮೈಕ್ರೋಮೀಟರ್ 0.01 ಮಿಲಿಮೀಟರ್ ಅಳೆಯುತ್ತದೆ, ಮುಖ ನೋಡಿ ಮಾರ್ಕ್ಸ್ ಕೊಡುವುದಿಲ್ಲ.

ಒಂದು ಕಷ್ಟ ಮಾತ್ರ ಮುಚ್ಚಿಡುವುದಿಲ್ಲ. ಐಟಿಐನಿಂದ ನೇರ ಡಿಪ್ಲೊಮಾ ಎರಡನೇ ವರ್ಷಕ್ಕೆ ಹೋದವರು ಗಣಿತದಲ್ಲಿ ಮುಗ್ಗರಿಸುತ್ತಾರೆ. ಮುಂದೆ ಓದಿಸುವ ಮನಸ್ಸಿದ್ದರೆ ಈಗಿನಿಂದಲೇ ಗಣಿತಕ್ಕೆ ಕೂರಿಸಿ.

ಹಳೇ ಮಿಷನ್ ಮೇಲೆ ಕಲಿತವನಿಗೆ ಯಾರು ಕೆಲಸ ಕೊಡುತ್ತಾರೆ ಎಂಬ ದೂರು ಒಂದು ಕಾಲಕ್ಕೆ ಸರಿಯಾಗಿತ್ತು. ಈಗ ಹಾಗಿಲ್ಲ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ ಮೇಲ್ದರ್ಜೆಗೇರಿಸಿದ 150 ಐಟಿಐಗಳು 2022ರಲ್ಲಿ ಉದ್ಘಾಟನೆಯಾದವು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯದು ಇನ್ನೂ ಹಳೆಯ, ಇನ್ನೂ ಒಳ್ಳೆಯ ಉಪಾಯ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿನ ಟೂಲ್ ಅಂಡ್ ಡೈ (ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ನಾಲ್ಕನೆಯದು ಪೂರ್ತಿ ಕಾರ್ಖಾನೆಯಲ್ಲೇ.

ಕಾರ್ಖಾನೆ ಅಂದಮೇಲೆ, ನೀವು ಕೇಳದಿದ್ದರೂ ಅಪ್ರೆಂಟಿಸ್, ಅಂದರೆ ಕೆಲಸದ ಜಾಗದಲ್ಲೇ ತರಬೇತಿ ಪಡೆಯುವವರ ವಿಷಯ ಹೇಳಿಬಿಡುತ್ತೇನೆ. ಕಾಯ್ದೆ 1961ರದು. 30 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ, ಆ ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸ್ಟೈಪೆಂಡ್, ಅಂದರೆ ತಿಂಗಳ ಭತ್ಯೆ ಉಂಟು. ಕೊನೆಗೆ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್. ಆದರೆ ಕಂಪನಿ ಜೊತೆಗಿನ ಅಪ್ರೆಂಟಿಸ್ ಕಾಂಟ್ರಾಕ್ಟ್ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ನನ್ನ ಹತ್ತಿರ ಕಲಿತ ಹುಡುಗನೊಬ್ಬ ಪೀಣ್ಯದಲ್ಲಿ ವರ್ಷವಿಡೀ ‘ಅಪ್ರೆಂಟಿಸ್’ ಆಗಿ ದುಡಿದು ಬಂದ. ಎಲ್ಲಪ್ಪಾ ಕಾಂಟ್ರಾಕ್ಟ್ ಅಂದರೆ ಜೇಬಿನಿಂದ ತೆಗೆದದ್ದು ಗೇಟ್ ಪಾಸು. ಕಂಪನಿಯವರು ನೋಂದಣಿಯನ್ನೇ ಮಾಡಿಸಿರಲಿಲ್ಲ. ನಿಮ್ಮ ಮಗನಿಗೆ ಸೇರಿದ ವಾರವೇ ಕಾಂಟ್ರಾಕ್ಟ್ ನಂಬರ್ ಕೇಳೋಕೆ ಹೇಳಿ. ‘ಆಮೇಲೆ ನೋಡೋಣ’ ಅಂದರೆ ಮಾರನೇ ದಿನವೂ ಕೇಳಲಿ.