ಒಂದು ಹೊತ್ತು ಮೇವು ಬಿಟ್ಟ ಗಬ್ಬದ ಕುರಿ

"ಡಾಕ್ಟ್ರೇ, ಮೊನ್ನೆಯಿಂದ ಸ್ವಲ್ಪ ಮಂಕಾಗಿತ್ತು, ಇವತ್ತು ಎದ್ದೇ ಇಲ್ಲ." ದಿನ ತುಂಬುತ್ತಿರುವ ಕುರಿಯ ಬಗ್ಗೆ ನನಗೆ ಬರುವ ಫೋನುಗಳು ಹೆಚ್ಚಾಗಿ ಹೀಗೇ ಶುರುವಾಗುತ್ತವೆ. ಆ ಮೊನ್ನೆಯೇ ಫೋನ್ ಮಾಡಿದ್ದರೆ ಎಂದು ಪ್ರತಿ ಸಲ ಮನಸ್ಸಿಗೆ ಕಷ್ಟವಾಗುತ್ತದೆ. ಕೊನೆಯ ತಿಂಗಳಲ್ಲಿ ಕುರಿ ಒಂದು ಹೊತ್ತು ಮೇವು ಬಿಟ್ಟರೂ ಅದು ತುರ್ತು. ನಾಳೆ ನೋಡೋಣ ಅನ್ನುವಂತಿಲ್ಲ.

ಯಾಕೆ ಗೊತ್ತಾ? ಕುರಿಯ ಗಬ್ಬ ಸುಮಾರು 147 ದಿನದ್ದು. ಹುಟ್ಟುವಾಗ ಮರಿಗೆ ಇರುವ ತೂಕದಲ್ಲಿ ಶೇ. 70ರಷ್ಟು ಕೊನೆಯ ಆರು ವಾರದಲ್ಲೇ ಬರುವುದು. ಅದೇ ಹೊತ್ತಿಗೆ ಮರಿಗಳು ಹೊಟ್ಟೆ ತುಂಬಾ ಜಾಗ ಹಿಡಿದು, ಮೇವಿಗೆ ಜಾಗವೇ ಉಳಿಯುವುದಿಲ್ಲ. ಬೇಕಾಗಿರುವುದು ಜಾಸ್ತಿ, ಹಿಡಿಸುವುದು ಕಮ್ಮಿ. ಆಗ ತಾಯಿ ತನ್ನ ಮೈಯ ಕೊಬ್ಬನ್ನೇ ಕರಗಿಸಿ ಮರಿಗೆ ಕೊಡುತ್ತದೆ. ಕೊಬ್ಬು ಒಮ್ಮೆಲೇ ಹೆಚ್ಚು ಕರಗಿದರೆ ಲಿವರ್ ಸೋಲುತ್ತದೆ, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಅನ್ನುವ ವಸ್ತು ರಕ್ತದಲ್ಲಿ ತುಂಬುತ್ತದೆ, ಮೆದುಳಿಗೆ ಸಕ್ಕರೆ ಸಾಲುವುದಿಲ್ಲ. ಇದೇ ಗರ್ಭದ ನಂಜು. ಅವಳಿ, ತ್ರಿವಳಿ ಹೊತ್ತ ಕುರಿಗೆ ಹೆಚ್ಚು. ಬಡಕಲು ಕುರಿಗಷ್ಟೇ ಬರುತ್ತದೆ ಅಂದುಕೊಳ್ಳಬೇಡಿ, ಚೆನ್ನಾಗಿ ಕೊಬ್ಬಿದ ಕುರಿಗೂ ಬರುತ್ತದೆ.

ಮೊದಲ ಗುರುತು ಬಹಳ ಸಣ್ಣದು. ಎಲ್ಲವೂ ಮೇವಿಗೆ ನುಗ್ಗುವಾಗ ಒಂದು ಕುರಿ ಮಾತ್ರ ಹಿಂದೆ ನಿಂತಿರುತ್ತದೆ. ಅದಕ್ಕೇ ಮೇವು ಹಾಕಿ ಹೊರಟುಬಿಡಬೇಡಿ, ಐದು ನಿಮಿಷ ನಿಂತು ನೋಡಿ. ಆಮೇಲೆ ಹಲ್ಲು ಕಡಿಯುವುದು, ಕಣ್ಣು ಕಾಣದ ಹಾಗೆ ಗೋಡೆಗೆ ತಲೆ ಒತ್ತಿ ನಿಲ್ಲುವುದು, ಉಸಿರಲ್ಲಿ ಸಿಹಿಯಾದ ವಾಸನೆ. ಮಲಗಿದ ಮೇಲೆ ಉಳಿಸುವುದು ಕಷ್ಟ.

ಹೀಗೇ ಕಾಣುವ ಇನ್ನೊಂದು ಕಾಯಿಲೆ ಇದೆ, ಕ್ಯಾಲ್ಸಿಯಂ ಕೊರತೆ. ಇದು ಗಂಟೆಗಳಲ್ಲಿ ಬೀಳಿಸುತ್ತದೆ. ದೂರ ನಡೆಸಿದಾಗ, ಗಾಡಿಯಲ್ಲಿ ಸಾಗಿಸಿದಾಗ, ಮೇವು ಥಟ್ಟನೆ ಬದಲಾಯಿಸಿದಾಗ ಬರುವುದುಂಟು. ಮೈ ನಡುಕ, ತೂರಾಟ, ಆಮೇಲೆ ಏಳಲಾರದ ಸ್ಥಿತಿ. ಬೆಚ್ಚಗೆ ಮಾಡಿದ ಕ್ಯಾಲ್ಸಿಯಂ ಚರ್ಮದಡಿ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುವ ಕುರಿಗಳನ್ನು ನೋಡಿದ್ದೇನೆ. ನೋಡಿದಾಗಲೆಲ್ಲ ಜೀವಕ್ಕೆ ತಂಪು. ಆದರೆ ರಕ್ತನಾಳಕ್ಕೆ ನೀವೇ ಕೊಡಲು ಹೋಗಬೇಡಿ. ವೇಗವಾಗಿ ಹೋದರೆ ಹೃದಯ ನಿಂತುಬಿಡುತ್ತದೆ. ಎರಡೂ ಕಾಯಿಲೆ ಒಟ್ಟಿಗೇ ಇರಬಹುದು, ಹಾಗಾಗಿ ನಾವು ಎಷ್ಟೋ ಸಲ ಎರಡಕ್ಕೂ ಮದ್ದು ಕೊಡುತ್ತೇವೆ.

ವೈದ್ಯರು ಬರುವ ತನಕ ಏನು ಮಾಡಬೇಕು? ಬೇರೆ ಕುರಿಗಳು ಕಾಣುವ ಹಾಗೆ, ಆದರೆ ತಳ್ಳಾಟ ಇಲ್ಲದ ಜಾಗದಲ್ಲಿ ಕಟ್ಟಿ. ಜ್ವರ ನೋಡಿ. ಕುರಿಯ ಮೈ ಬಿಸಿ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ತುಂಬಾ ಏರಿದ್ದರೆ ಕೆಚ್ಚಲಿನ ಬಾವೋ, ಶ್ವಾಸಕೋಶದ ಸೋಂಕೋ ಇರಬಹುದು, ಕೆಚ್ಚಲು ಮುಟ್ಟಿ ನೋಡಿ. ಮಲಗಿದ್ದರೆ ಪಕ್ಕಕ್ಕೆ ಬೀಳಲು ಬಿಡಬೇಡಿ. ಎರಡೂ ಕಡೆ ಹುಲ್ಲಿನ ಕಂತೆ ಒತ್ತಿಟ್ಟು ಎದೆಯ ಮೇಲೆ ಕೂರಿಸಿ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಸಿ ಸೊಪ್ಪು, ಶುದ್ಧ ನೀರು ಮುಂದಿಡಿ.

ನುಂಗುವ ಶಕ್ತಿ ಇದ್ದರೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸಬಹುದು, ಮೈಯಲ್ಲಿ ಸಕ್ಕರೆಯಾಗುವ ದ್ರವ ಮದ್ದು ಅದು. ನಾನು ಸಾಮಾನ್ಯವಾಗಿ 60 ಮಿ.ಲೀ.ನಂತೆ ದಿನಕ್ಕೆ ಎರಡು ಸಲ ಹೇಳುತ್ತೇನೆ. ಫೋನಲ್ಲೇ ನಿಮ್ಮ ವೈದ್ಯರನ್ನು ಕೇಳಿಕೊಂಡು ಕೊಡಿ. ತಲೆ ತುಂಬಾ ಎತ್ತಬೇಡಿ, ಬಾಯಿಯ ಪಕ್ಕದಿಂದ ನಿಧಾನ ಬಿಡಿ. ತಲೆ ನೇರ ನಿಲ್ಲದ ಕುರಿಗೆ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಶಕ್ತಿ ಬರಲಿ ಅಂತ ಒಂದೇ ಸಲಕ್ಕೆ ಕಾಳು ಸುರಿಯುವುದೂ ತಪ್ಪು, ಹೊಟ್ಟೆ ಹುಳಿಯಾಗಿ ಇನ್ನೊಂದು ಕಾಯಿಲೆ ಶುರುವಾಗುತ್ತದೆ.

ಮದ್ದಿಗೆ ಬಗ್ಗದಿದ್ದರೆ ಭಾರ ಇಳಿಸುವುದೇ ದಾರಿ. ಇಂಜೆಕ್ಷನ್ ಕೊಟ್ಟು ಬೇಗ ಈಯಿಸುತ್ತೇವೆ, ಇಲ್ಲವೇ ಸಿಸೇರಿಯನ್ ಮಾಡುತ್ತೇವೆ. ಇಲ್ಲಿ ನಾನು ಕೇಳುವ ಮೊದಲ ಪ್ರಶ್ನೆ, ಗಬ್ಬವಾಗಿ ಎಷ್ಟು ದಿನ ಆಯ್ತು? 140 ದಿನಕ್ಕೆ ಮೊದಲು ಹುಟ್ಟಿದ ಮರಿ ಬದುಕುವುದು ಕಷ್ಟ. ಟಗರು ಬಿಟ್ಟ ತಾರೀಕನ್ನು ಗೋಡೆಯ ಮೇಲಾದರೂ ಬರೆದಿಡಿ, ದಯವಿಟ್ಟು. ತಾಯಿಯನ್ನು ಉಳಿಸಬೇಕಾ, ಮರಿಯನ್ನಾ ಅನ್ನುವ ಮಾತು ಬಂದಾಗ ಆ ಒಂದು ಸಾಲು ಬಹಳ ದೊಡ್ಡದು.

ಕಂದು ಹಾಕಿದ, ಅಂದರೆ ಗಬ್ಬ ಇಳಿದುಹೋದ ಕುರಿಯ ಹತ್ತಿರ ಬಸುರಿ ಹೆಂಗಸರು ಹೋಗಲೇಬಾರದು. ಮಾಸಿನಿಂದ ಬರುವ ಕೆಲವು ಸೋಂಕು ಅವರ ಹೊಟ್ಟೆಯ ಮಗುವಿಗೂ ಅಪಾಯ. ಬೇರೆಯವರು ಗ್ಲೌಸ್ ಹಾಕಿಕೊಳ್ಳಿ.

ಒಂದು ಕುರಿ ಬಿದ್ದಿದ್ದರೆ ಹಿಂಡಿನ ಉಳಿದ ಗಬ್ಬದ ಕುರಿಗಳೂ ಅದೇ ಅಂಚಿನಲ್ಲಿರಬಹುದು. ಬೆನ್ನ ಮೇಲೆ ಕೈ ಒತ್ತಿ ನೋಡಿ. ಮೂಳೆ ಚುಚ್ಚುವಂತಿದ್ದರೆ ಅವನ್ನು ಬೇರೆ ಮಾಡಿ, ಕಾಳಿನ ಮೇವನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಇನ್ನು ಚೇತರಿಸಿಕೊಂಡ ತಾಯಿ ಈದಾಗ ಹಾಲು ಕಮ್ಮಿ ಇರುವುದೇ ಹೆಚ್ಚು. ಬೇರೆ ಕುರಿಯ ಗಿಣ್ಣುಹಾಲು ಮೊದಲೇ ತೆಗೆದಿಟ್ಟಿರಿ. ಹುಟ್ಟಿದ ಎರಡು ಗಂಟೆಯೊಳಗೆ ಮರಿಯ ತೂಕದ ಪ್ರತಿ ಕಿಲೋಗೆ 50 ಮಿ.ಲೀ. ಅದರ ಹೊಟ್ಟೆಗೆ ಹೋಗಬೇಕು.