ಕಸದಿಂದ ಕರೆಂಟು: ಡೆನ್ಮಾರ್ಕಿನ ಒಲೆ, ತುಮಕೂರಿನ ಹಸಿ ಕಸ

ತುಮಕೂರು ನಗರದ ಕಸ ಹೋಗಿ ಸೇರುವುದು ಅಜ್ಜಗೊಂಡನಹಳ್ಳಿಯ ಘಟಕಕ್ಕೆ. ಅದರ ವಿಲೇವಾರಿಯ ಮಾತು ಬಂದಾಗಲೆಲ್ಲ, ಯುರೋಪಿನವರಂತೆ ನಾವೂ ಕಸ ಸುಟ್ಟು ವಿದ್ಯುತ್ ಏಕೆ ತೆಗೆಯಬಾರದು ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಹುಡುಕುವವರು ಯುರೋಪಿನವರು ಕಸ ಸುಡಲು ಹೊರಟದ್ದೇಕೆ ಎಂಬುದನ್ನು ಮೊದಲು ನೋಡಬೇಕು.

ಕಸ ಸುಡುವ ದೊಡ್ಡ ಕುಲುಮೆ 1874ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾಯಿತು. ಆದರೆ ಇಂದಿನ ಪದ್ಧತಿಯ ಬೇರು ಇರುವುದು ಡೆನ್ಮಾರ್ಕಿನ ಫ್ರೆಡೆರಿಕ್ಸ್‌ಬರ್ಗ್‌ನಲ್ಲಿ. ಸುತ್ತಲೂ ಕೋಪನ್‌ಹೇಗನ್ ಬೆಳೆದು ಕಸ ಸುರಿಯಲು ಜಾಗವೇ ಉಳಿಯದಿದ್ದಾಗ, ಅಲ್ಲಿನ ಪುರಸಭೆ 1903ರಲ್ಲಿ ಸುಡುವ ಘಟಕ ಕಟ್ಟಿಸಿ, ವಿದ್ಯುತ್ತಿನ ಜೊತೆಗೆ ಬಿಸಿಯನ್ನೂ ಹತ್ತಿರದ ಆಸ್ಪತ್ರೆಗೆ ಕೊಳವೆಗಳ ಮೂಲಕ ಕಳಿಸಿತು. 1973ರ ತೈಲ ಬಿಕ್ಕಟ್ಟಿನ ನಂತರ, 1979ರ ಶಾಖ ಪೂರೈಕೆ ಕಾನೂನಿನ ಬೆಂಬಲದಿಂದ ಇಂಥ ಕೊಳವೆಗಳು ಆ ದೇಶದ ಊರೂರಿಗೂ ಹಬ್ಬಿದವು. ಕಸದಲ್ಲಿರುವ ಶಕ್ತಿಯಿಂದ ವಿದ್ಯುತ್ತನ್ನಷ್ಟೇ ತೆಗೆದರೆ ಸುಮಾರು ಕಾಲು ಭಾಗ ಮಾತ್ರ ಕೈಗೆ ಸಿಗುತ್ತದೆ. ಉಳಿದ ಬಿಸಿ ಮನೆಗಳನ್ನು ಬೆಚ್ಚಗಿಡಲು ಹೋದರೆ ಐದರಲ್ಲಿ ನಾಲ್ಕು ಭಾಗಕ್ಕೂ ಹೆಚ್ಚು ಬಳಕೆಯಾಗುತ್ತದೆ. ಅಲ್ಲಿ ಲೆಕ್ಕ ಹೊಂದುವುದೇ ಈ ಬಿಸಿಯಿಂದ.

ಭಾರತದ ಮೊದಲ ಪ್ರಯತ್ನವೂ ಡೆನ್ಮಾರ್ಕಿನ ನೆರವಿನದೇ. 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ದಿನಕ್ಕೆ 300 ಟನ್ ಕಸ ಸುಡುವ ಘಟಕ ಸಿದ್ಧವಾಯಿತು. ಕೆಲವೇ ವಾರಗಳಲ್ಲಿ ನಿಂತಿತು. ಕಿಲೋಗೆ 1,400ಕ್ಕೂ ಹೆಚ್ಚು ಕಿಲೋಕ್ಯಾಲರಿ ಕೊಡುವ ಕಸಕ್ಕೆಂದು ಕಟ್ಟಿದ ಕುಲುಮೆಗೆ ಬಂದದ್ದು ಅದರ ಅರ್ಧದಷ್ಟು ಶಾಖವೂ ಇಲ್ಲದ, ಮಣ್ಣು ಬೆರೆತ ಒದ್ದೆ ಕಸ. ಒಂದು ಕಿಲೋ ಕಸದಲ್ಲಿ ಅರ್ಧ ಕಿಲೋ ನೀರಿದ್ದರೆ ಆ ನೀರನ್ನು ಆವಿಯಾಗಿಸಲಿಕ್ಕೇ ಸುಮಾರು 300 ಕಿಲೋಕ್ಯಾಲರಿ ಬೇಕು. ಒದ್ದೆ ಸೌದೆ ಹಚ್ಚಿ ಹೊಗೆ ಕುಡಿದ ಯಾರಿಗೂ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ ಕುಲುಮೆ ತಣ್ಣಗಾದಂತೆ ಡಯಾಕ್ಸಿನ್‌ನಂಥ ವಿಷ ಹೆಚ್ಚುತ್ತದೆ. ಹೊಗೆ 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಎರಡು ಸೆಕೆಂಡು ಇರಲೇಬೇಕೆಂದು ಯುರೋಪು ನಿಯಮ ಮಾಡಿರುವುದು ಇದಕ್ಕಾಗಿಯೇ.

ಕಸದ ವಿದ್ಯುತ್ ಯೋಜನೆಗಳಿಗೆ ಸರ್ಕಾರ ಕೊಡುತ್ತಿದ್ದ ಸಬ್ಸಿಡಿಯನ್ನು ಸುಪ್ರೀಂ ಕೋರ್ಟ್ 2005ರಲ್ಲಿ ತಡೆಹಿಡಿಯಿತು, 2007ರಲ್ಲಿ ಕೆಲವು ಪ್ರಾಯೋಗಿಕ ಯೋಜನೆಗಳಿಗಷ್ಟೇ ಅವಕಾಶ ಕೊಟ್ಟಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಈ ಪಾಠವನ್ನು ಒಳಗೊಂಡವು: ಮರುಬಳಕೆಗೆ ಬಾರದ, ಕಿಲೋಗೆ 1,500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡುವ ಕಸವನ್ನು ಗುಂಡಿಗೆ ಹಾಕದೆ ಶಕ್ತಿಗಾಗಿ ಬಳಸಬೇಕು, ಹಸಿ ಕಸ ಗೊಬ್ಬರಕ್ಕೋ ಜೈವಿಕ ಅನಿಲಕ್ಕೋ ಹೋಗಬೇಕು. ನಮ್ಮ ರಾಜ್ಯದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಬಿಡದಿಯಲ್ಲಿ ಕಟ್ಟಿದ ಘಟಕದ ಸಾಮರ್ಥ್ಯ 11.5 ಮೆಗಾವಾಟ್, ಅದಕ್ಕೆ ದಿನಕ್ಕೆ ಸುಮಾರು 600 ಟನ್ ಕಸ ಬೇಕು. ತುಮಕೂರು ಜಿಲ್ಲೆಯದೇ ಆದ ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಸೂರ್ಯ ರಾತ್ರಿ ಇರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಕರೆಂಟಿಗಾಗಿ ಕಸ ಸುಡಬೇಕಾದ ಜಿಲ್ಲೆ ನಮ್ಮದಲ್ಲ. ಸುಡುವುದಾದರೆ ಕಸದ ಗುಡ್ಡೆ ಕಡಿಮೆಯಾಗಲೆಂದು ಮಾತ್ರ ಸುಡಬೇಕು.

ಇಲ್ಲಿನ ಕಸವನ್ನೊಮ್ಮೆ ನೋಡಿ. ಮಾರುಕಟ್ಟೆಯ ಕೊಳೆತ ಟೊಮೆಟೊ, ಸೊಪ್ಪಿನ ಕಂತೆ, ಹೋಟೆಲಿನ ಮುಸುರೆ, ಬೀದಿ ಬದಿಯಲ್ಲಿ ರಾಶಿ ಬಿದ್ದ ಎಳನೀರಿನ ಬುರುಡೆ. ಮಳೆಗಾಲದಲ್ಲಿ ಇವೆಲ್ಲ ಇನ್ನಷ್ಟು ನೀರು ಕುಡಿದು ಭಾರವಾಗುತ್ತವೆ. ಪೌರಕಾರ್ಮಿಕರು ಮನೆ ಬಾಗಿಲಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿಕೊಡಿ ಎಂದು ಕೇಳುವುದನ್ನು ನಾವು ಕಿರಿಕಿರಿ ಎಂದುಕೊಳ್ಳುತ್ತೇವೆ. ಕುಲುಮೆ ಉರಿಯುವುದೋ ಇಲ್ಲವೋ ತೀರ್ಮಾನವಾಗುವುದು ಆ ಬಾಗಿಲಲ್ಲೇ.

ಮನೆ ಬೆಚ್ಚಗಿಡುವ ಕೊಳವೆ ತುಮಕೂರಿಗೆ ಬೇಡ. ಆದರೆ ವರ್ಷವಿಡೀ ಹಬೆ ಬೇಕಾಗುವ ಕಾರ್ಖಾನೆಗಳಿಗೆ ಬಿಸಿ ಬೇಕು, ಮತ್ತು ಫುಡ್ ಪಾರ್ಕ್ ಸೇರಿದಂತೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ನಮ್ಮ ಮಗ್ಗುಲಲ್ಲೇ ಇದೆ. ಹಬೆಯಿಂದಲೇ ಶೈತ್ಯಾಗಾರ ನಡೆಸುವ ಯಂತ್ರಗಳೂ ಇವೆ. ಆದ್ದರಿಂದ ಯಾವುದೇ ಟೆಂಡರ್ ಕರೆಯುವ ಮೊದಲು ನಗರದ ಒಣ ಕಸದ ತೇವ ಮತ್ತು ಶಾಖವನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ಅಳೆದು ಪ್ರಕಟಿಸಬೇಕು, ಹಬೆ ಕೊಳ್ಳುವವರು ಯಾರೆಂಬುದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು.